ಶುಕ್ರ, ನರಿ ಮತ್ತು ಮುರಗೋಡದ ಚರಗ

ಇಂಗ್ಲೆಂಡಿಗೆ ಹೋಗಿ ಬಂದವರು ಅಲ್ಲಿಯ ಸೇತುವೆ, ಗಡಿಯಾರ, ರಾಣಿಯ ಅರಮನೆ ಎಂದು ಪುಟ ತುಂಬಿಸುತ್ತಾರೆ. ಅವನ್ನೆಲ್ಲ ಮಂಜಿನಲ್ಲಿ ಅರ್ಧಂಬರ್ಧ ಕಂಡ ನಾನು ಅವುಗಳ ವಿಷಯ ಬರೆದರೆ ಸುಳ್ಳಾದೀತು. ನಾನು ನೆಟ್ಟಗೆ ನೋಡಿದ್ದು ಒಂದು ಗೋಧಿ ಹೊಲವನ್ನು, ಮತ್ತು ಅದರ ಬೇಲಿಗೆ ಒರಗಿ ಕತ್ತು ಮೇಲೆತ್ತಿ ನಿಂತ ಬುದ್ಧಿವಂತರನ್ನು. ಆಕಾಶ ನೋಡಲು ನೂಕುನುಗ್ಗಲೇ ಎಂದು ನಮ್ಮಲ್ಲಿ ಕೇಳುತ್ತಾರಲ್ಲ, ಆ ನೂಕುನುಗ್ಗಲನ್ನು ನಾನು ಕಣ್ಣಾರೆ ಕಂಡು ಬಂದಿದ್ದೇನೆ.

ಬೈಲಹೊಂಗಲ ಸ್ಟ್ಯಾಂಡು

ಬೈಲಹೊಂಗಲದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನನಗೆ ಇಂಗ್ಲೆಂಡಿನ ಯೋಗ ಬಂದದ್ದು ನನ್ನ ಇಂಗ್ಲಿಷಿನಿಂದಲ್ಲ, ಮುರಗೋಡದ ರಾಚಪ್ಪ ಕಾಕಾನ ಬಿಳಿಜೋಳದಿಂದ. ಎರಡು ದೇಶದ ರೈತರು ಒಬ್ಬರ ಹೊಲ ಒಬ್ಬರು ನೋಡಬೇಕು ಎಂದು ಒಂದು ಸೇವಾಸಂಸ್ಥೆಯ ಹಿರಿಯರಿಗೆ ಎನಿಸಿತು. ಕಾಕಾನ ಜೋಳಕ್ಕೆ ಆ ವರ್ಷ ಬಹುಮಾನ ಬಂದಿತ್ತು. ಕಾಕಾನಿಗೆ ಇಂಗ್ಲಿಷಿನ ಗಂಧಗಾಳಿ ಇರಲಿಲ್ಲ. ಹೀಗಾಗಿ ಬಾಲಂಗೋಚಿಯಾಗಿ ನಾನು. ಹೊಲ ನೋಡಲು ಕಳಿಸುವವರು ಹೊಲದಲ್ಲಿ ಏನಾದರೂ ಇರುವ ಕಾಲಕ್ಕೆ ಕಳಿಸಬೇಕಲ್ಲ! ಡಿಸೆಂಬರಿನಲ್ಲಿ ಕಳಿಸಿದರು. ಅಲ್ಲಿ ಆಗ ಬೆಳೆಯುವುದು ಮಂಜು ಒಂದೇ.

ಸ್ಟ್ಯಾಂಡಿಗೆ ಬೀಳ್ಕೊಡಲು ಬಂದ ಕಿತ್ತೂರಿನ ಗೆಳೆಯನೊಬ್ಬ, “ನಮ್ಮೂರಾಗ ಪೆಟ್ಟ ತಿಂದು ಹ್ವಾದವ್ರು ಈಗ ಹೆಂಗದಾರ, ಒಂದಿಷ್ಟು ನೋಡ್ಕೊಂಡ ಬರ್ರಿ ಮಾಸ್ತರ” ಎಂದ. ರಾಚಪ್ಪ ಕಾಕಾ ರಾಮದುರ್ಗದ ಕೈಮಗ್ಗದ ಧೋತರ ಉಟ್ಟು, ಬುಟ್ಟಿಯಷ್ಟು ದೊಡ್ಡ ಬಿಳಿ ರುಮಾಲು ಸುತ್ತಿ, ಒಂದು ಗಂಟು ಹಿಡಿದು ನಿಂತಿದ್ದ. ಗಂಟಿನಲ್ಲಿ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ, ಕಡಲೆಬೇಳೆ, ಜೋಳದ ನುಚ್ಚು.

“ಅಲ್ಲೇನು ನಮ್ಮನ್ನ ಉಪಾಸ ಕೆಡವ್ತಾರೇನ್ರಿ ಕಾಕಾ?” ಎಂದು ಕೇಳಿದೆ. ಸೂಟು ಹೊಲಿಸಿಕೊಂಡಿದ್ದ ನನಗೆ ಆ ಗಂಟು ನೋಡಿ ನಾಚಿಕೆಯಾಗಿತ್ತು.

“ನನಗಲ್ರಿ ಮಾಸ್ತರ. ಅಲ್ಲಿದ್ದಾಗನ ಎಳ್ಳ ಅಮಾಸಿ ಬರತೈತಿ” ಎಂದ ಕಾಕಾ.

ಆ ಮಾತಿಗೆ ನಾನು ಲಕ್ಷ್ಯ ಕೊಡಲಿಲ್ಲ.

ಆರ್ಥರನ ಮನೆ

ನಾವು ಇಳಿದುಕೊಂಡದ್ದು ಇಂಗ್ಲೆಂಡಿನ ಪೂರ್ವದ ಒಂದು ಹಳ್ಳಿಯಲ್ಲಿ, ಆರ್ಥರ್ ಎಂಬ ರೈತನ ಮನೆಯಲ್ಲಿ. ಆರ್ಥರ್ ಒಳ್ಳೆಯವನು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಎಂಟು ಹವೆಯ ಬಗ್ಗೆ. ಅವನ ಹೆಂಡತಿ ಮಾರ್ಗರೆಟ್ ಉಳಿದ ಮಾತೆಲ್ಲವನ್ನೂ ಆಡುತ್ತಿದ್ದಳು. ಆ ದೇಶದ ಜನ ನಾಯಿಯನ್ನು ಹಾಸಿಗೆಗೆ ಕರೆಯುತ್ತಾರೆ, ಆದರೆ ಬಾಗಿಲಿಗೆ ಬಂದ ನೆರೆಯವನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಾರೆ. ಉಂಡಿರಾ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಮಂಜು ಕಣ್ಣಿಗೆ ರಾಚುವ ಹಾಗೆ ಕವಿದಿರುವಾಗ ಒಬ್ಬರಿಗೊಬ್ಬರು “ಇವತ್ತು ಮಂಜು” ಎಂದು ಹೇಳಿಕೊಳ್ಳುತ್ತಾರೆ. ನಮ್ಮೂರಲ್ಲಿ ಹೀಗೆ ಮಾತಾಡುವವನನ್ನು ಧಾರವಾಡದ ಹುಚ್ಚಿನ ಆಸ್ಪತ್ರೆಗೆ ತೋರಿಸುತ್ತಾರೆ.

ಆ ಚಳಿಗಾಲ ಅವರಲ್ಲಿ ಕರೆಂಟಿನ ಬರ. ಬೀದಿದೀಪ ಉರಿಸಬಾರದೆಂದು ಸರಕಾರದ ಆಜ್ಞೆ. ಸಂಜೆಯ ಚಹದ ಹೊತ್ತಿಗೇ ಊರು ಕಪ್ಪಿಟ್ಟು ಹೋಗುತ್ತಿತ್ತು. ನಮ್ಮ ಮೇಲೆ ಅಷ್ಟು ವರ್ಷ ಆಳಿದವರು ಕಂದೀಲಿನ ಗಾಜು ಒರೆಸುತ್ತ ಕೂತದ್ದನ್ನು ನೋಡಿ ನನಗೆ ಒಳಗೊಳಗೇ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ?

ಕಾಕಾ ಮೊದಲ ದಿನವೇ ಹೊಲದ ಮಣ್ಣು ಹಿಡಿದು ಹಿಸುಕಿ, ಮೂಸಿ, “ಎರಿ ಅಲ್ಲ, ಮಸಾರಿ ಅಲ್ಲ. ಇದೇನ ಮಣ್ಣೋ ಮಾರಾಯ, ಜಡ್ಡಾದಂಗ ಐತಿ” ಎಂದ. ಮಣ್ಣು ಚೆನ್ನಾಗಿದೆಯಂತೆ ಎಂದು ನಾನು ಆರ್ಥರನಿಗೆ ಹೇಳಿದೆ. ದುಭಾಷಿಯ ಕೆಲಸವೆಂದರೆ ಇಷ್ಟೇ.

ಎಳ್ಳ ಅಮಾಸಿ

ಅವರ ದೊಡ್ಡ ಹಬ್ಬದ ಹಿಂದಿನ ದಿನವೇ ನಮ್ಮ ಎಳ್ಳ ಅಮಾವಾಸ್ಯೆ ಬಿತ್ತು. ಕಾಕಾ ಬೆಳಗ್ಗೆಯೇ ಮಾರ್ಗರೆಟ್‌ಳ ಅಡುಗೆಮನೆ ಹೊಕ್ಕು ಗಂಟು ಬಿಚ್ಚಿದ.

“ಏನ್ರಿ ಕಾಕಾ ಇದು?”

“ಚರಗಾ ಚೆಲ್ಲಬೇಕಲ್ರಿ.”

ನಮ್ಮ ಕಡೆಯವರಲ್ಲದವರಿಗಾಗಿ ಹೇಳುತ್ತೇನೆ. ಬೆಳೆ ಹೊತ್ತ ಭೂಮಿ ಬಸುರಿ ಎಂಬುದು ನಮ್ಮ ಲೆಕ್ಕ. ಅವಳಿಗೆ ಬಯಕೆಯ ಊಟ ಮಾಡಿಕೊಂಡು ಹೊಲಕ್ಕೆ ಹೋಗಿ, ಸುಣ್ಣ ಹಚ್ಚಿದ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಊಟ ಚೆಲ್ಲುತ್ತ ಬರುವುದೇ ಚರಗ. ಮುಂದಿನವನು ಚೆಲ್ಲುತ್ತ “ಹುಲ್ಲುಲ್ಲಿಗ್ಯೋ” ಎಂದು ಕೂಗಬೇಕು, ಹಿಂದಿನವನು “ಸಲಾಂಬ್ರಿಗ್ಯೋ” ಎಂದು ಓಗೊಡಬೇಕು. ಸವದತ್ತಿಯಿಂದ ಸಿರಸಂಗಿಯವರೆಗೆ ಆ ದಿನ ಎಲ್ಲ ಹೊಲಗಳಲ್ಲೂ ಇದೇ ಕೂಗು.

“ಕಾಕಾ, ಇದು ನಮ್ಮ ಹೊಲ ಅಲ್ಲ” ಎಂದೆ.

“ಯಾರ ಹೊಲದ ಅನ್ನ ಉಣ್ಣಾಕ ಹತ್ತೇವ್ರಿ ಹಂಗಾರ? ಉಂಡ ಮ್ಯಾಲ ತಿರುಗಿ ಉಣ್ಣಸಬೇಕೋ ಬ್ಯಾಡೋ?”

“ಗೋಧಿ ಇನ್ನೂ ಬೊಟ್ಟಿನಷ್ಟ ಐತಿ. ಈ ಭೂಮಿ ಬಸುರಾಗಿಲ್ರಿ.”

“ಆಗ್ಲಿ ಅಂತನ ಉಣ್ಣಸೂದು” ಎಂದ ಕಾಕಾ, ಕಣಕ ನಾದುತ್ತ.

ಊರಲ್ಲಿ ಕುಡಿಯುವ ನೀರಿನ ತಂಬಿಗೆಯನ್ನೂ ತಾನಾಗಿ ಎತ್ತಿಕೊಳ್ಳದ ಮನುಷ್ಯ ಕಡುಬು ಮಾಡಿದ. ಒಂದೊಂದೂ ಎತ್ತಿನ ಕಿವಿಯಷ್ಟಿತ್ತು. ನಾನು ನುಚ್ಚು ಕುದಿಸಿದೆ. ಎಲ್ಲ ಮುಗಿಯುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಅಲ್ಲಿಯ ಸೂರ್ಯನಿಗೆ ಸರಕಾರಿ ನೌಕರನ ಅಭ್ಯಾಸ, ಹೊತ್ತಿಗೆ ಮುಂಚೆಯೇ ಮನೆಗೆ ಹೋಗುತ್ತಾನೆ. ನಾವು ತಿರುಗಾಡಲು ಹೊರಟೆವೆಂದು ತಿಳಿದ ಆರ್ಥರ್ ಕೊಟ್ಟಿಗೆಯ ಕಂದೀಲು ಕೊಟ್ಟು, ಚಳಿಯಾದೀತೆಂದು ಕಾಕಾನಿಗೆ ತನ್ನ ಹಳದಿ ರೇನ್‌ಕೋಟು ತೊಡಿಸಿ ಹಾಲು ಕರೆಯಲು ಹೋದ.

ಹೊಲ ದಿಬ್ಬದ ಮೇಲಿತ್ತು. ಮೊಣಕಾಲಿನಿಂದ ಕೆಳಗೆ ದಟ್ಟ ಮಂಜು, ಮೇಲೆ ತಿಳಿಯಾದ ಕತ್ತಲೆ. ಹೊಲದಂಚಿನ ಐದು ಕಲ್ಲು ಆರಿಸಿ ಸುಣ್ಣ ಹಚ್ಚಿ ಪೂಜೆ ಮಾಡಿದೆವು. ಕಾಕಾ ಒಂದು ಕೈಯಲ್ಲಿ ಕಂದೀಲು ಎತ್ತಿ ಹಿಡಿದು, ಇನ್ನೊಂದರಲ್ಲಿ ಚೆಲ್ಲುತ್ತ ಓಡುನಡಿಗೆಯಲ್ಲಿ ಹೊರಟ. “ಹುಲ್ಲುಲ್ಲಿಗ್ಯೋ!”

ಬುಟ್ಟಿ ಹೊತ್ತು ಹಿಂದೆ ಬರುತ್ತಿದ್ದ ನಾನು ಮೆಲ್ಲಗೆ ಗೊಣಗಿದೆ. ಬಿ.ಎ. ಓದಿದವನು, ಸೂಟು ಹಾಕಿದವನು, ಪರದೇಶದ ಹೊಲದಲ್ಲಿ ಕಿರುಚಬೇಕೇ?

ಕಾಕಾ ನಿಂತು ತಿರುಗಿದ. “ಮಾಸ್ತರ, ಕರದ್ರ ಓ ಅನ್ನಬೇಕು. ಕೂಗು ಬರಿಗೈಲೆ ತಿರುಗಿ ಬಂದ್ರ ಹೊಲಕ್ಕ ಛಲೋ ಅಲ್ಲ. ನಮ್ಮನ್ಯಾಗ ಕೂಸುಗೋಳು ಅಂತಾವ, ನಿಮಗೇನಾಗೈತಿ ಧಾಡಿ?”

ಮತ್ತೆ ಕೂಗಿದ. ನಾನೂ ಕೂಗಿದೆ. ಒಂದು ಸಲ ಬಾಯಿ ಬಿಟ್ಟ ಮೇಲೆ ಏನು ಹೇಳಲಿ, ಹುಡುಗತನದಲ್ಲಿ ಅಪ್ಪನ ಹಿಂದೆ ಓಡಿದ್ದೆಲ್ಲ ಗಂಟಲಿಗೆ ಬಂತು. ಏದುಸಿರು ಬಿಡುತ್ತ, ಹೊಲ ಸುತ್ತಿ ಮುಗಿಯುವವರೆಗೂ ಕೂಗಿದೆ. ಕೆಳಗಿನ ದಾರಿಯಲ್ಲಿ ಒಂದು ಕಾರು ತಟ್ಟನೆ ನಿಂತು, ಆಮೇಲೆ ಭರ್ರನೆ ಹೋದದ್ದು ಕೇಳಿಸಿತು. ಅತ್ತ ನಾವು ಗಮನ ಕೊಡಲಿಲ್ಲ.

ಅಧಿಕಾರಿ ತಿಂದ ಕಡುಬು

ಕಾರಿನಲ್ಲಿದ್ದವಳು ಮಿಸೆಸ್ ಕೋಲ್ ಎಂಬ ವಿಧವೆ. ಊರಿನ ಶಾಲೆಯ ಬಸ್ಸು ಓಡಿಸುವವಳು. ಮನೆಗೆ ಹೋದವಳೇ ಪೊಲೀಸರಿಗೆ ಫೋನು ಮಾಡಿ, ತಾನು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಮಂಜಿನ ಮೇಲೆ ತೇಲುವ ದೀಪ. ಅದರ ಹಿಂದೆ ಹಳದಿಯಾಗಿ ಹೊಳೆಯುವ ಮೈ, ಕಾಲಿಲ್ಲ. ತಲೆ ಬೆಳ್ಳಗೆ, ಮನುಷ್ಯರ ತಲೆಗಿಂತ ಬಹಳ ದೊಡ್ಡದು. ಅದು ಹೊಲದ ಅಂಚಿಗೇ ಸುತ್ತಿತು. ಮುಂದಿನಿಂದ ಒಂದು ದನಿ ಕರೆಯಿತು, ಹಿಂದಿನಿಂದ ಇನ್ನೊಂದು ಓಗೊಟ್ಟಿತು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ.

ಹಬ್ಬ ಮುಗಿಯುವಷ್ಟರಲ್ಲಿ, ಹೊಲಕ್ಕೆ ಹಾರುವ ತಟ್ಟೆ ಇಳಿದಿದೆ ಎಂಬ ಸುದ್ದಿ ಪತ್ರಿಕೆಗೆ ಹೋಯಿತು. ಬೇಲಿಯ ಗುಂಟ ಜನವೋ ಜನ. ದುರ್ಬೀನು ಹಿಡಿದವರು, ಮಡಚುವ ಕುರ್ಚಿ ತಂದವರು. ಎಲ್ಲರೂ ಮೇಲೆ ನೋಡುವವರೇ. ಕಾಲ ಕೆಳಗೆ ಜೋಳದ ನುಚ್ಚು ಬಿದ್ದಿತ್ತು, ಒಬ್ಬನೂ ಬಗ್ಗಿ ನೋಡಲಿಲ್ಲ. “ಅದು ನಾವು” ಎಂದು ನಾನು ಮಾರ್ಗರೆಟ್‌ಳಿಗೆ ಹೇಳಿದರೆ, ಹಬ್ಬದ ತಮಾಷೆ ಎಂದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

ಆಮೇಲೆ ಬಂದ, ವಾಯುಪಡೆಯ ಅಧಿಕಾರಿ. ಇಸ್ತ್ರಿ ಮಾಡಿದ ಮೀಸೆ, ರಬ್ಬರಿನ ಕೈಗವಸು. ನಮ್ಮ ಪಾಂಡವರನ್ನು ಟೇಪು ಹಿಡಿದು ಅಳೆದ. ಚೆಲ್ಲಿದ ಕಡುಬಿನ ಚೂರನ್ನು ಚಿಮಟದಲ್ಲಿ ಎತ್ತಿ, ಚೇಳು ಹಿಡಿದವನಂತೆ ಉಸಿರು ಬಿಗಿಹಿಡಿದು, ಗಾಜಿನ ನಳಿಕೆಗೆ ಹಾಕಿ ಮೊಹರು ಮಾಡಿದ. ಆಮೇಲೆ ಚಳಿ ಕಾಯಿಸಿಕೊಳ್ಳಲು ಅಡುಗೆಮನೆಗೆ ಬಂದು ಕೂತ. ಕಾಕಾ, ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು, ಉಳಿದಿದ್ದ ಕಡುಬನ್ನು ಬಿಸಿ ಮಾಡಿ ತಟ್ಟೆಯಲ್ಲಿಟ್ಟ.

“ತಿನ್ರಿ ಸಾಹೇಬ್ರ. ಹೊರಗ ಹಿಡಕೊಂಡಿದ್ದ ಉಸರು ಒಳಗ ಬಿಡ್ರಿ.”

ಸಾಹೇಬರು ಎರಡು ಕಡುಬು ತಿಂದು, ಬಹಳ ರುಚಿ, ಇದು ಯಾವ ದೇಶದ್ದು ಎಂದು ಕೇಳಿದರು. ಜೇಬಿನಲ್ಲಿ ಅದೇ ಕಡುಬಿಗೆ ಮೊಹರು ಬಿದ್ದಿತ್ತು!

ನಾನು ಇನ್ನು ತಡೆಯಲಾರದೆ, “ಸ್ವಾಮಿ, ಆ ದೀಪ ನಮ್ಮದು. ಆ ಕೂಗು ನಮ್ಮದು. ನೀವೀಗ ತಿಂದದ್ದೂ ಅದೇ” ಎಂದೆ. ಅವನು ಪೆನ್ನು ತೆಗೆದ.

“ಕತ್ತಲಲ್ಲಿ ಹೊಲಕ್ಕೆ ಯಾಕೆ ಹೋಗಿದ್ದಿರಿ?”

“ಹೊಲಕ್ಕೆ ಊಟ ಹಾಕಲು.”

“ಆರ್ಥರ್ ಹಾಕಿ ಎಂದು ಹೇಳಿದ್ದರೇ?”

“ಇಲ್ಲ.”

“ಹಾಗಾದರೆ ಹೊಲ ಕೇಳಿತ್ತೇ?”

ಕಾಕಾನಿಗೆ ಕನ್ನಡದಲ್ಲಿ ಹೇಳಿದೆ. “ಕೇಳೇತಿ ಅನ್ರಿ” ಎಂದ ಕಾಕಾ. ಹೇಳಿದೆ. ಅಧಿಕಾರಿ ಪೆನ್ನಿಗೆ ಟೋಪಿ ಹಾಕಿದ. ಇವರು ಕಂದೀಲು ಒಯ್ದದ್ದು ಖರೆ ಎಂದು ಆರ್ಥರ್ ಹೇಳಿದ. ಅದು ಬೇರೆ ವಿಷಯ, ಇದು ಬೇರೆ ವಿಷಯ ಎಂದ ಅಧಿಕಾರಿ. ನೊಂದ ಹೆಂಗಸಿನ ಮರ್ಯಾದೆ ಉಳಿಸಲು ಅತಿಥಿಗಳು ಕಥೆ ಕಟ್ಟಿದ್ದು ದೊಡ್ಡ ಮನಸ್ಸು ಎಂದು ನಮ್ಮ ಕೈ ಕುಲುಕಿ ಹೋದ. ಹಾರುವ ತಟ್ಟೆಯನ್ನು ತನಿಖೆ ಮಾಡಲು ಅಷ್ಟು ದೂರ ಬಂದವನು, ನೆಲಕ್ಕೆ ಉಣ್ಣಿಸುವ ಮನುಷ್ಯ ಇರಬಲ್ಲ ಎಂಬುದನ್ನು ಮಾತ್ರ ನಂಬಲಾರ. ಇಂಥವರ ಕೈಯಲ್ಲಿ ಒಂದು ದೇಶದ ಆಕಾಶ!

ಶುಕ್ರ ಮತ್ತು ನರಿ

ವಾಯುಪಡೆಯ ಅಭಿಪ್ರಾಯ ಟೈಪಾಗಿ ಬಂತು. ಮಿಸೆಸ್ ಕೋಲ್‌ಗೆ ಒಂದು, ಶಾಲೆಯ ಸಮಿತಿಗೆ ಇನ್ನೊಂದು. ಮಾರ್ಗರೆಟ್ ಅದರ ಸಾರಾಂಶವನ್ನು ಅಂಗಡಿಯಲ್ಲೇ ಕೇಳಿಕೊಂಡು ಬಂದಳು. ಬೆಳಕು, ಶುಕ್ರಗ್ರಹ. ಕೂಗು, ನರಿ. ಕಾಳು, ಹಕ್ಕಿಗಳಿಗೆ ಯಾರೋ ಹಾಕಿದ್ದು. ಕಲ್ಲುಗಳು, ಕಲ್ಲುಗಳು. ದೇಶದ ರಕ್ಷಣೆಗೆ ಬಾಧಕವಿಲ್ಲ.

ಶುಕ್ರ ಆ ಸಂಜೆ ಪಶ್ಚಿಮದಲ್ಲಿ ಇದ್ದದ್ದು ಹೌದು. ಆದರೆ ರೇನ್‌ಕೋಟು ಹಾಕಿಕೊಂಡು ಆರ್ಥರನ ಹೊಲ ಸುತ್ತಿದ ಶುಕ್ರನನ್ನು ನಾನು ಯಾವ ಪಂಚಾಂಗದಲ್ಲೂ ಕಂಡಿಲ್ಲ.

ನಗುವ ಮಾತು ಅಲ್ಲಿಗೆ ಮುಗಿಯಿತು. ಮಾರ್ಗರೆಟ್ ಸಪ್ಪಗೆ ಮುಂದಿನದನ್ನು ಹೇಳಿದಳು. ಚುಕ್ಕಿ ನೋಡಿ ಭೂತ ಎನ್ನುವವಳ ಕೈಯಲ್ಲಿ ಮಕ್ಕಳ ಬಸ್ಸು ಕೊಡಬಾರದೆಂದು ಕೆಲವು ತಂದೆತಾಯಿಗಳು ಹಟ ಹಿಡಿದಿದ್ದರು. ಶಾಲೆ ತೆರೆಯುವ ಮುಂಚೆ ಸಮಿತಿ ಸೇರಿ ತೀರ್ಮಾನ ಮಾಡುತ್ತದೆ. ಬಸ್ಸು ಹೋದರೆ ಆ ವಿಧವೆಗೆ ಬೇರೆ ಆಧಾರವಿಲ್ಲ.

ನಾನು ಕಾಕಾನಿಗೆ ಹೇಳಿದೆ. ಕಾಕಾನ ಮುಖ ಕೆಂಪಾಯಿತು.

“ಕಂಡಿದ್ದ ಆಡಿದ್ರ ಕೆಂಡದಂಥಾ ಸಿಟ್ಟು ಅಂತಾರಲ್ಲ, ಹಂಗಾತಿದು. ಆಕಿ ಸುಳ್ಳ ಹೇಳ್ಯಾಳಂದ್ರ ನಾ ಚರಗಾ ಚೆಲ್ಲೇ ಇಲ್ಲ ಅಂದಂಗಾತಲ್ರಿ ಮಾಸ್ತರ! ನಮ್ಮ ಉಣ್ಣಸೂದಕ್ಕ ಆಕಿ ಅನ್ನ ಹೋಗಬೇಕೇನು? ಇದ್ಯಾವ ನ್ಯಾಯ!”

“ಹಂಗಾರ ಇನ್ನೊಮ್ಮೆ ಅವರೆಲ್ಲರ ಮುಂದ ಚೆಲ್ಲಿ ತೋರಸೂನ್ರಿ. ಅದ ಕಂದೀಲು, ಅದ ಕೋಟು.”

ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಆದರೆ ಕಾಕಾ ತಲೆ ಅಲ್ಲಾಡಿಸಿದ.

“ಅಮಾಸಿ ಹೋತು. ತಿಥಿ ಇಲ್ಲ ಏನಿಲ್ಲ, ಭೂಮ್ತಾಯಿ ಮುಂದ ಬಯಲಾಟ ಆಡಂಗಿಲ್ರಿ. ಉಣ್ಣಸೂದು ಉಣ್ಣಸೂದು, ತೋರಸೂದು ತೋರಸೂದು.”

“ಆ ಹೆಣ್ಮಗಳ ಗತಿ?”

ಕಾಕಾ ಎದ್ದು ಹೊರಗೆ ಹೋದ. ಆ ದಿನ ಊಟ ಮಾಡಲಿಲ್ಲ. ನನಗೆ ಕಾಕಾನ ಮೇಲೂ ಸಿಟ್ಟು ಬಂತು. ಇಬ್ಬರು ಮೊಂಡರ ನಡುವೆ, ನಂಬದವನ ಮತ್ತು ನಂಬುವವನ ನಡುವೆ, ಒಬ್ಬ ಬಡವಿಯ ಬಸ್ಸು ಹೋಗುತ್ತಿತ್ತು.

ಸಮಿತಿಯ ಸಭೆ

ಸಭೆ ಸೇರಿದ್ದು ಊರಿನ ಸಮುದಾಯ ಭವನದಲ್ಲಿ. ಅಧ್ಯಕ್ಷ ಒಬ್ಬ ನಿವೃತ್ತ ಮೇಜರ್. ನಮ್ಮ ಪಂಚಾಯಿತಿಯಲ್ಲಿ ಜಗಳವಾದರೆ ಕಟ್ಟೆಯ ಮೇಲಿನವರು, ಕೆಳಗಿನವರು, ದಾರಿಯಲ್ಲಿ ಹೋಗುವವರು ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ, ಸತ್ಯ ಎಲ್ಲೋ ಒಂದು ಸಂದಿಯಲ್ಲಿ ಹೊರಬೀಳುತ್ತದೆ. ಇಲ್ಲಿ ಒಬ್ಬೊಬ್ಬರೇ ಎದ್ದು, ಕ್ಷಮಿಸಿ ಎಂದು ಶುರು ಮಾಡಿ, ಸಕ್ಕರೆ ಸವರಿದ ಚಾಕುವಿನಿಂದ ಒಂದೊಂದು ಗೀರು ಎಳೆದು ಕೂರುತ್ತಿದ್ದರು. ಮಿಸೆಸ್ ಕೋಲ್ ಮುಂದಿನ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾವಿಬ್ಬರೂ ಹಿಂದಿನ ಬೆಂಚಿನಲ್ಲಿ.

ನಾನು ಎದ್ದು ನಡೆದದ್ದನ್ನು ಹೇಳಿದೆ. ಮೇಜರ್ ನನ್ನ ಇಂಗ್ಲಿಷನ್ನು ಹೊಗಳಿ ಕೂರಿಸಿದ. ಅಧಿಕಾರಿ ತನ್ನ ವರದಿಯ ಜೊತೆಗೆ ನಮ್ಮ ದೊಡ್ಡ ಮನಸ್ಸಿನ ಸುದ್ದಿಯನ್ನೂ ಮುಟ್ಟಿಸಿದ್ದನೆಂದು ಕಾಣುತ್ತದೆ.

“ವಾಯುಪಡೆ ಕೂಲಂಕಷ ಪರಿಶೀಲಿಸಿದೆ. ಶುಕ್ರ ಮತ್ತು ನರಿ” ಎಂದ ಮೇಜರ್. ಆಮೇಲೆ ಮಿಸೆಸ್ ಕೋಲ್ ಕಡೆ ತಿರುಗಿ, ತುಟಿಯಂಚಿನಲ್ಲಿ ನಗುತ್ತ, “ನಿಮ್ಮ ಆಕಾಶದವರು ಏನೋ ಕೂಗಿದರಂತೆ. ನಮಗೂ ಕೇಳಿಸಬಹುದಲ್ಲ?” ಎಂದ.

ಭವನವೆಲ್ಲ ಕಿಸಕ್ಕನೆ ನಕ್ಕಿತು. ಹೆಂಗಸು ಎದ್ದಳು. ಅವಳ ಕತ್ತು, ಕಿವಿ ಎಲ್ಲ ಕೆಂಪಾಗಿತ್ತು. ಇಲ್ಲ ಎನ್ನಬಹುದಿತ್ತು, ಅತ್ತುಬಿಡಬಹುದಿತ್ತು. ಅವಳು ಕಣ್ಣು ಮುಚ್ಚಿ, ಆ ಸಂಜೆಯನ್ನು ನೆನೆಸಿಕೊಂಡು, ಎದೆ ತುಂಬ ಉಸಿರೆಳೆದು ಕೂಗಿದಳು.

“ಹುಲ್ಲುಲ್ಲಿಗ್ಯೋ!”

ದೇವರಾಣೆ, ಮುರಗೋಡದ ಹೆಂಗಸರು ನಾಚಬೇಕು. ಎಳೆದದ್ದು ಸರಿ, ಏರಿಸಿದ್ದು ಸರಿ, ಕೊನೆಗೆ ಬಿಟ್ಟದ್ದು ಸರಿ. ನಗು ಜೋರಾಯಿತು. ಕಾಕಾ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದ. ಅವನು ಕರೆಯುವವನು, ಓ ಎನ್ನುವುದು ಅವನ ಪಾಳಿಯಲ್ಲ.

“ಮಾಸ್ತರ, ಕರದ್ಲು. ಕರದ್ರ ಓ ಅನ್ನಬೇಕು!”

ತಿವಿಯುವ ಅಗತ್ಯವೇ ಇರಲಿಲ್ಲ. ನಾನು ಆಗಲೇ ಎದ್ದು ನಿಂತಿದ್ದೆ. ಸೂಟು, ಟೈ, ಬಿ.ಎ. ಎಲ್ಲ ಬೆಂಚಿನ ಮೇಲೇ ಉಳಿದವು.

“ಸಲಾಂಬ್ರಿಗ್ಯೋ!”

ಭವನದ ಕಿಟಕಿ ಗಾಜು ನಡುಗಿತು. ಒಬ್ಬ ಮುದುಕನ ಚಹದ ಬಟ್ಟಲು ಕೈ ತಪ್ಪಿ ಬಿತ್ತು. ನಗು ಹಾಗೇ ನಿಂತುಹೋಯಿತು. ಮಿಸೆಸ್ ಕೋಲ್ ತಿರುಗಿ ನನ್ನನ್ನು ನೋಡಿದಳು, ನನ್ನ ಪಕ್ಕದ ದೊಡ್ಡ ಬಿಳಿ ರುಮಾಲನ್ನು ನೋಡಿದಳು.

“ಇವನೇ” ಎಂದಳು. “ಹಿಂದಿನಿಂದ ಓಗೊಟ್ಟವನು ಇವನೇ. ಆವತ್ತು ಇವನಿಗೆ ಏದುಸಿರು ಬರುತ್ತಿತ್ತು.”

ಅವಳು ಹಬ್ಬದ ಹಿಂದಿನ ದಿನವೇ ಪೊಲೀಸರಿಗೆ ಫೋನಿನಲ್ಲಿ ಎರಡು ಕೂಗನ್ನೂ ಕೂಗಿ ತೋರಿಸಿದ್ದಳು. ಬಾಗಿಲ ಬಳಿ ನಿಂತಿದ್ದ ಹಳ್ಳಿಯ ಪೊಲೀಸ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ, “ಹೌದು. ಎರಡನೆಯದು ಇದೇ. ನಾನು ನಂಬಲಿಲ್ಲ, ಆದರೆ ಕೇಳಿಸಿಕೊಂಡಿದ್ದೆ” ಎಂದ. ಆರ್ಥರ್ ಎದ್ದ. ಆ ವರ್ಷದ ಅವನ ಅತಿ ಉದ್ದದ ಭಾಷಣ ಮಾಡಿದ. “ನನ್ನ ಕಂದೀಲು. ನನ್ನ ಕೋಟು. ಬಸ್ಸು ಅವಳದು” ಎಂದು ಕೂತ.

ಮೇಜರ್ ವಾಯುಪಡೆಯ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. ಬಸ್ಸು ಅವಳ ಕೈಯಲ್ಲೇ ಉಳಿಯಿತು. ಕ್ಷಮೆ ಕೇಳುವುದನ್ನೇ ಮಾತಿನ ಶುರುವಾತು ಮಾಡಿಕೊಂಡ ಆ ಜನರಲ್ಲಿ, ಕೇಳಲೇಬೇಕಾದ ಹೊತ್ತಿನಲ್ಲಿ ಮಾತ್ರ ಒಬ್ಬನೂ ಅವಳ ಹತ್ತಿರ ಹೋಗಿ ಕ್ಷಮಿಸಿ ಎನ್ನಲಿಲ್ಲ.

ಕಾಕಾ ಹೋದ. ಅವಳ ಭಾಷೆ ಬಾರದೆ, ರುಮಾಲಿನ ಮೇಲೆ ಕೈಯಿಟ್ಟು ತಲೆಬಾಗಿದ. “ಕೋಲವ್ವಾ, ಛಲೋ ಕರದಿ ನೋಡವಾ” ಎಂದ. ಏನೆಂದನೆಂದು ಅವಳು ನನ್ನನ್ನು ಕೇಳಲಿಲ್ಲ.

ಹೊರಟ ಬೆಳಗು

ನಾವು ಹೊರಟ ದಿನವೇ ಶಾಲೆ ತೆರೆದಿತ್ತು. ರೈಲು ನಿಲ್ದಾಣದ ದಾರಿಯಲ್ಲಿ ಆರ್ಥರನ ವ್ಯಾನಿಗೆ ಎದುರಾಗಿ ಹಳೆಯ ಬಸ್ಸು ಬಂತು. ಮಿಸೆಸ್ ಕೋಲ್ ಹಾರ್ನ್ ಹೊಡೆದಳು. ಕಿಟಕಿಗಳಲ್ಲೆಲ್ಲ ಮಕ್ಕಳ ತಲೆ. ಯಾರು ಕಲಿಸಿದ್ದರೋ, ಒಂದೇ ಬಾಯಾಗಿ ಕೂಗಿದರು, “ಹುಲ್ಲುಲ್ಲಿಗ್ಯೋ!” ಕಾಕಾ ನನ್ನ ಮುಖ ನೋಡಿದ. ಕತ್ತು ಹೊರಗೆ ಹಾಕಿ ನಾನು ಓಗೊಟ್ಟೆ. ಬೈಲಹೊಂಗಲದ ನನ್ನ ತರಗತಿ ಇದನ್ನು ನೋಡಿದ್ದರೆ ಆಮೇಲೆ ನನ್ನ ಪಾಠ ಯಾರೂ ಕೇಳುತ್ತಿರಲಿಲ್ಲ.

ವಾಯುಪಡೆಯ ಅಧಿಕಾರಿಗೆ ಸಭೆಯ ಸುದ್ದಿ ತಲುಪಿತೆಂದು ಮಾರ್ಗರೆಟ್ ಆಮೇಲೆ ಪತ್ರ ಬರೆದು ತಿಳಿಸಿದಳು. ಒಮ್ಮೆ ಮುಗಿದ ತನಿಖೆಯನ್ನು ಮತ್ತೆ ತೆರೆಯುವ ಪದ್ಧತಿ ತಮ್ಮಲ್ಲಿಲ್ಲ ಎಂದು ಅವನು ಹೇಳಿದನಂತೆ. ಇರಲಿ. ಈ ಸಲ ಎಳ್ಳ ಅಮಾವಾಸ್ಯೆಗೆ ಮುರಗೋಡದ ಹೊಲದಲ್ಲಿ ಕಾಕಾ ಕಡುಬಿನ ಬುಟ್ಟಿ ನನ್ನ ತಲೆಗೆ ಹೊರಿಸುತ್ತ ಅದನ್ನು ಕೇಳಿ, “ಅಂದ್ರ ಅಲ್ಲೆ ನಾವಿನ್ನೂ ಅದ ಏನ್ರಿ?” ಎಂದ.

“ಅದ ರಿ ಕಾಕಾ. ನೀವು ಶುಕ್ರ. ನಾ ನರಿ.”

ಕಾಕಾ ರುಮಾಲು ಸರಿಮಾಡಿಕೊಂಡ. “ಹಂಗಾರ ನಡೀರಿ ನರಿಯಪ್ಪ, ಹೊತ್ತಾತು” ಎಂದವನೇ, ಮುಂದೆ ನಡೆದು ಕೂಗಿದ.